ಡಾಕ್ಟರಿಗೆ ನಮ್ಮ ಬೈಗುಳ ತಿಳಿಸಿದ್ದು

ಸರಿಯಾಗಿ ಹೇಳಲು ನನಗೆ ಬರುವುದಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಬರೆಯುತ್ತಿರುವುದು ಇದೇ ಮೊದಲು. ತೊಂಬತ್ತರ ದಶಕದಲ್ಲಿ ನಾನು ಶೀಳನೆರೆ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಅಟೆಂಡರ್. ಅಂದರೆ ದನದ ಮೂಗು ಹಿಡಿಯುವವನು. ಎರಡು ವರ್ಷ ಡಾಕ್ಟರೇ ಇಲ್ಲದೆ ಕೊನೆಗೆ ಬಿಜಾಪುರದ ಕಡೆಯವರೊಬ್ಬರು ಬಂದರು. ಅವರೂ ಹೋದರೆ ದನಗಳಿಗೆ ಮತ್ತೆ ನಾನೇ ಗತಿ. ಅದು ನನಗೂ ಬೇಡವಾಗಿತ್ತು, ದನಗಳಿಗೂ ಬೇಡವಾಗಿತ್ತು. ಆದರೆ ನಮ್ಮ ಜನ ಬಾಯಿ ಬಿಟ್ಟಾಗಲೆಲ್ಲ ಏನಾದರೊಂದು ಆಗುತ್ತಿತ್ತು. ಅರ್ಥ ಹೇಳಿ ಹೇಳಿ ನಾನು ಸುಸ್ತಾಗಿದ್ದೆ.

೧

ಹೊಟ್ಟೆ ಉಬ್ಬರಿಸಿ ಬಿದ್ದಿದ್ದ ಹಸು ಡಾಕ್ಟರ ಕೈಗುಣಕ್ಕೆ ಎದ್ದು ನಿಂತಿತು. ಹಸುವಿನ ಅಜ್ಜಿ, ಅಂದರೆ ಹಸು ಸಾಕಿದ್ದ ಅಜ್ಜಿ, "ನಿನ್ ಮನೆ ಎಕ್ಕುಟ್ಟೋಗ! ಎಂಥಾ ಕೈ ಕಣಪ್ಪ ನಿಂದು!" ಅಂದಳು.

ಡಾಕ್ಟರು ನನ್ನ ಮುಖ ನೋಡಿದರು. ಪಾಳುಬಿದ್ದ ಮನೆಯಲ್ಲಿ ಎಕ್ಕದ ಗಿಡ ಹುಟ್ಟುತ್ತದೆ, ಹಾಗಾಗಿ ಮನೆ ಹಾಳಾಗಲಿ ಅಂತ ಅರ್ಥ. ಆದರೆ ಹಾಗಲ್ಲ, ನೇರವಾಗಿ ಹೊಗಳಿದರೆ ದೃಷ್ಟಿಯಾಗುತ್ತದೆ, ಅದಕ್ಕೇ ಪ್ರೀತಿ ಬಂದರೆ ಬೈಯುತ್ತಾರೆ ಎಂದೆ.

"ಹಂಗಾರ ಸಿಟ್ಟು ಬಂದ್ರ ಏನಂತಾರ?"

"ಬನ್ನಿ ಸಾರ್, ಕೂತ್ಕಳಿ ಸಾರ್ ಅಂತಾರೆ."

೨

ಡಾಕ್ಟರು ಸೌಜನ್ಯಕ್ಕೆಂದು ಒಬ್ಬ ಗೌಡರ ಕಡಸನ್ನು ಹೊಗಳಿಬಿಟ್ಟರು. "ಏನ್ ಚಂದ ಐತ್ರೀ! ನಮ್ ಕಡೆ ಇಂಥಾದ್ದು ಒಂದೂ ಇಲ್ಲ."

ಗೌಡರ ಮುಖ ಬಿಳಿಚಿಕೊಂಡಿತು. "ವಸಿ ಕಾಲೆತ್ತಿ ಸಾ" ಎಂದು ಬಗ್ಗಿದರು.

"ಅಷ್ಟು ಮರ್ಯಾದಿ ಬ್ಯಾಡ್ರೀ" ಎಂದು ಡಾಕ್ಟರು ಅವರ ತಲೆ ಮುಟ್ಟಿ ಆಶೀರ್ವಾದವನ್ನೂ ಮಾಡಿದರು.

ಗೌಡರು ತೆಗೆದುಕೊಂಡದ್ದು ಪಾದದಡಿಯ ಮಣ್ಣು. ಕಣ್ಣು ಹಾಕಿದವರ ಪಾದದ ಮಣ್ಣನ್ನು ಮೆಣಸಿನಕಾಯಿ ಜೊತೆ ನಿವಾಳಿಸಿ ಒಲೆಗೆ ಹಾಕಿದರೆ ದೃಷ್ಟಿ ಹೋಗುತ್ತದೆ. ಅದನ್ನೂ ನಾನೇ ಬಿಡಿಸಿ ಹೇಳಬೇಕಾಯಿತು. ಸಂಜೆಯೇ ಡಾಕ್ಟರು ವರ್ಗಾವಣೆಗೆ ಅರ್ಜಿ ಬರೆದು, ಪೋಸ್ಟಿಗೆ ಹಾಕು ಎಂದು ನನ್ನ ಕೈಗೇ ಕೊಟ್ಟರು.

"ದನದ ಭಾಷಾ ತಿಳೀತೈತೋ, ನಿಮ್ದು ತಿಳಿಯಂಗಿಲ್ಲ."

೩

ನಾಲ್ಕು ದಿನದ ಮೇಲೆ ಒಂದು ಮನೆಯಲ್ಲಿ ಹಸು ಈಯಲಾರದೆ ಒದ್ದಾಡುತ್ತಿತ್ತು. ಡಾಕ್ಟರು ಹೆಗಲವರೆಗೆ ಕೈ ಹಾಕಿ ಕರು ಎಳೆದರು. ಅದು ಉಸಿರಾಡಲಿಲ್ಲ. ತಲೆಕೆಳಗೆ ಹಿಡಿದರು, ಬೆನ್ನು ತಿಕ್ಕಿದರು, ಮೂಗಿಗೆ ಹುಲ್ಲುಕಡ್ಡಿ ತೂರಿಸಿದರು. ಕರು ಸೀನಿತು.

ಡಾಕ್ಟರ ಕಣ್ಣು ತುಂಬಿತು. "ನಿನ್ನ ಹೆಣಾ ಎತ್ಲಿ! ಎಷ್ಟ್ ಹೆದರಿಸಿದ್ಯೋ!"

ಹುಟ್ಟಿದ ಕರುವಿಗೆ ಹೆಣ ಅನ್ನುವುದೆ? ಮನೆಯ ಯಜಮಾನ ಮುಂದೆ ನುಗ್ಗಿದ. ಅವನ ತಾಯಿ ಪಂಚೆ ಹಿಡಿದು ಎಳೆದಳು. "ಸುಮ್ಕಿರ್ಲಾ! ಇವತ್ತು ಡಾಕ್ಟ್ರು ನಮ್ಮೋರಾದ್ರು."

ವಾಪಸು ಬರುವಾಗ ಡಾಕ್ಟರು ಮೆಲ್ಲಗೆ ಕೇಳಿದರು, "ಆ ಅರ್ಜಿ ಹಾಕಿದ್ಯೇನು?"

ಅದು ನನ್ನ ಜೇಬಿನಲ್ಲೇ ಇತ್ತು. "ಮರ್ತ್ಬುಟ್ಟೆ ಸಾರ್" ಎಂದೆ. ಮರೆತಿರಲಿಲ್ಲ.

ಅದನ್ನು ಇಸಿದುಕೊಂಡು ಹರಿದು, "ನಿನ್ನ ಹೆಣಾ ಎತ್ಲಿ" ಎಂದು ನಕ್ಕರು. ನನ್ನ ಸರ್ವೀಸಿನಲ್ಲಿ ಯಾವ ಸಾಹೇಬರೂ ನನ್ನನ್ನು ಅಷ್ಟು ಹೊಗಳಿಲ್ಲ.

ಓದುವವರು ತಪ್ಪು ತಿಳಿಯಬಾರದು. ಇಲ್ಲಿ ಹೆಣ ಅಂದರೆ ನಿಜವಾದ ಹೆಣವಲ್ಲ, ಎತ್ತುವುದು ಅಂದರೂ... ಒಂದು ನಿಮಿಷ, ಹಿತ್ತಲಿಂದ ನನ್ನ ಹೆಂಡತಿ, "ಎಲ್ ಸತ್ತೋದ್ರಿ? ಎಮ್ಮೆ ಹಗ್ಗ ಕಿತ್ಕಂಡದೆ!" ಎಂದು ಕೂಗುತ್ತಿದ್ದಾಳೆ. ಇದೂ ಪ್ರೀತಿಯೇ, ಯಾಕೆಂದರೆ...