ಐದಡಿ ಎಂಟಂಗುಲದ ಗಂಡ

ಮುಂಬೈಯ ದಹಿಸರ್‌ನಲ್ಲಿ ಕೊಂಡ ಫ್ಲ್ಯಾಟಿನ ಗೋಡೆಗೂಡಿಗೆ ಒಂದು ಕಪಾಟು ಮಾಡಿಸಬೇಕಿತ್ತು. ಮನೆ ನೋಡಲು ಹೋದ ದಿನ ನಾಣಿಯ ಬಳಿ ಅಳತೆ ಟೇಪು ಇರಲಿಲ್ಲ. ಆಮೇಲೆ ಹಳೆಯ ಮಾಲೀಕ ಬೀಗ ಹಾಕಿಕೊಂಡು ಪುಣೆಗೆ ಹೋಗಿಬಿಟ್ಟ. ಪರೇಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನಾಣಿ ಧೃತಿಗೆಡಲಿಲ್ಲ. ಅಂದು ತೆಗೆದ ಫೋಟೋದಲ್ಲಿ ಅವನು ಗೂಡಿನ ಪಕ್ಕವೇ ನಿಂತಿದ್ದ. ಫೋಟೋದಲ್ಲಿ ಅವನು ನಾಲ್ಕು ಪಾಲು, ಗೂಡು ಐದು ಪಾಲು. ಅವನ ಎತ್ತರ ಐದಡಿ ಎಂಟಂಗುಲ; ಹಾಗಾದರೆ ಗೂಡು ಏಳಡಿ ಒಂದಂಗುಲ. ಚೌಕುಳಿ ಹಾಳೆಯ ಮೇಲೆ ಅಚ್ಚುಕಟ್ಟಾಗಿ ನಕ್ಷೆ ಬರೆದು ಬಡಗಿಗೆ ಕೊಟ್ಟ. ಆ ಲೆಕ್ಕವನ್ನು ಹೆಂಡತಿ ವನಮಾಲಾಗೂ ಕಲಿಸಿದ.

ಭಾನುವಾರ ಬೆಳಿಗ್ಗೆ ಕಪಾಟು ಬಂತು. ಬಡಗಿಯ ಆಳುಗಳು ತಳ್ಳಿದರು, ಓರೆ ಮಾಡಿದರು. ಅದು ಕೊಟ್ಟಿಗೆಗೆ ಬರಲೊಲ್ಲದ ಎಮ್ಮೆಯ ಹಾಗೆ ಗೂಡಿನ ಮುಂದೆ ನಿಂತುಬಿಟ್ಟಿತು.

"ಸಾಬ್, ಪಾಂಚ್ ಇಂಚ್ ಜ್ಯಾದಾ ಹೈ," ಎಂದ ಬಡಗಿ, ಹೆಚ್ಚಾದ ಐದಂಗುಲವನ್ನು ಬೆರಳಲ್ಲಿ ತೋರಿಸುತ್ತ.

ಪಕ್ಕದ ಮನೆಯ ಕೊರಗಪ್ಪನವರು ಟೇಪು ಹಿಡಿದೇ ಒಳಗೆ ಬಂದರು. ಉಡುಪಿಯವರು. ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಬಿಲ್ಡಿಂಗಿನ ಉಸ್ತುವಾರಿಯನ್ನೆಲ್ಲ ತಾವೇ ಹೊತ್ತಿದ್ದರು.

"ಎಂಥ ಲೆಕ್ಕ ಮಾಡಿದ್ದು ಮಾರಾಯ್ರೆ, ತೋರಿಸಿ."

ಕನ್ನಡಕ ಏರಿಸಿ ಫೋಟೋ ಅಳೆದರು, ಬೆರಳು ಮಡಿಚಿ ಗುಣಿಸಿದರು.

"ಫೋಟೋ ಸರಿ ಉಂಟು, ಗುಣಾಕಾರ ಸರಿ ಉಂಟು. ಹಾಗಾದ್ರೆ ತಪ್ಪಿದ್ದು ನೀವೇ! ಬನ್ನಿ, ಗೋಡೆಗೆ ನಿಲ್ಲಿ. ಅಳೆದು ನೋಡುವ."

ನಾಣಿ ಗೋಡೆಯಿಂದ ಎರಡು ಹೆಜ್ಜೆ ದೂರ ಸರಿದ. ಐದಡಿ ಎಂಟು ಎನ್ನುವುದು ಮದುವೆ ಮಾತುಕತೆಯಲ್ಲಿ ಅವನ ಸೋದರಮಾವ ಹೆಣ್ಣಿನವರಿಗೆ ಬರೆದುಕೊಟ್ಟ ಎತ್ತರ. ನಿಜವಾದದ್ದು ಐದಡಿ ನಾಲ್ಕು. ವರ್ಷಗಟ್ಟಲೆ ಎಂಟೆಂದು ಹೇಳಿ ಹೇಳಿ ನಿಜ ಅವನಿಗೇ ಮರೆತುಹೋಗಿತ್ತು.

"ಬೇಡ ಬೇಡ, ಕ್ಯಾಮೆರಾನೇ ಸ್ವಲ್ಪ ಓರೆ ಇತ್ತು ಅನ್ಸುತ್ತೆ," ಎಂದು ತೊದಲಿದ.

ವನಮಾಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳು. "ನಮ್ಮವರನ್ನ ಅಳೆಯೋದೇನು? ಐದಡಿ ಎಂಟು ಅಂತ ನೋಡಿಯೇ ನಮ್ಮಪ್ಪ ಒಪ್ಪಿದ್ದು. ಹಳೇ ಮಾಲೀಕ ಆಮೇಲೆ ನೆಲಕ್ಕೆ ಇನ್ನೊಂದು ಪದರ ಟೈಲ್ಸ್ ಹಾಕಿರ್ಬೇಕು. ಕಪಾಟಿನ ಕಾಲು ಕತ್ತರಿಸಿ, ಒಳಗಿಡಿ."

ಕಾಲು ಕತ್ತರಿಸಿದ ಮೇಲೆ ಎಮ್ಮೆ ಒಳಗೆ ಹೋಯಿತು. ನಾಣಿಗೆ ಹೋದ ಉಸಿರು ಬಂತು. ಆ ಗಳಿಗೆಯಲ್ಲಿ ಹೆಂಡತಿಯ ಕಾಲಿಗೆ ಬೀಳಲೂ ಅವನು ಸಿದ್ಧನಿದ್ದ.

"ಪರದೇನೂ ಹಾಕಿಬಿಡೋಣ," ಎಂದು ವನಮಾಲಾ ಮಲಾಡಿನ ದರ್ಜಿ ಕಳಿಸಿದ್ದ ಪೊಟ್ಟಣ ಬಿಚ್ಚಿದಳು. "ನಿಮ್ಮದೇ ಲೆಕ್ಕ ಕಣ್ರೀ. ಕಿಟಕಿ ಪಕ್ಕ ನಾನು ನಿಂತ ಫೋಟೋ ಇಟ್ಕೊಂಡು ಮಾಡ್ದೆ, ನನ್ನ ಐದಡಿ ಮೂರಕ್ಕೆ," ಎಂದು ಅವನ ಕಿವಿಯಲ್ಲಿ ಹೆಮ್ಮೆಯಿಂದ ಉಸುರಿದಳು.

ತೂಗುಹಾಕಿದರೆ ಪರದೆ ಅಂಗೈಯಗಲ ನೆಲದ ಮೇಲೆ ಮಲಗಿತು.

ನಾಣಿ ಹೆಂಡತಿಯನ್ನು ನೋಡಿದ. ಹೆಂಡತಿ ಪರದೆಯನ್ನು ನೋಡಿದಳು. ಅವಳ ಕಡೆಯಲ್ಲೂ ಅಂಗುಲ ಸೇರಿಸಿ ಬರೆದುಕೊಟ್ಟ ಒಬ್ಬ ಸೋದರಮಾವ ಇದ್ದ ಹಾಗಾಯಿತು! ಇಷ್ಟು ವರ್ಷ ಹೊತ್ತ ಮೂಟೆ ಇಳಿದಂತೆ ನಾಣಿಯ ಮೈ ಹಗುರವಾಯಿತು.

"ಇದು ಸಹ ಫೋಟೋ ಲೆಕ್ಕವಾ?" ಕೊರಗಪ್ಪನವರು ಮತ್ತೆ ಟೇಪು ಎಳೆದರು. "ಇದರಲ್ಲಿ ನಿಂತದ್ದು ಯಾರು?"

ವನಮಾಲಾಳ ಮುಖ ಬಾಡಿತು. ಫೋನನ್ನು ಸೆರಗಿನೊಳಗೆ ಸೇರಿಸಿದಳು. ನಾಣಿಗೆ ಅವಳ ಮೇಲೆ ಎಂದೂ ಇಲ್ಲದ ಮಮತೆ ಉಕ್ಕಿತು.

"ನಾನೇ," ಎಂದು ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟ. "ಅಳೀರಿ."

"ಐದಡಿ ನಾಲ್ಕು!" ಕೊರಗಪ್ಪನವರ ಕೂಗು ಲಿಫ್ಟಿನವರೆಗೂ ಕೇಳಿಸಿತು.

ವನಮಾಲಾ ಹಣೆಗೆ ಕೈ ಹಚ್ಚಿ, ಪರದೆಯ ಹೆಚ್ಚಿನ ತುದಿಯ ಮೇಲೆಯೇ ಕುಸಿದು ಕೂತಳು.

"ನೋಡಿ ಕೊರಗಪ್ಪಣ್ಣ, ಹೆಂಗೆ ಮೋಸ ಮಾಡಿದಾರೆ! ನಮ್ಮ ಕಡೆಯವರು ಒಂದಂಗುಲಾನೂ ಸುಳ್ಳು ಬರೆದುಕೊಟ್ಟೋರಲ್ಲ!"