ಅಳತೆಗೆ ನಿಲ್ಲದ ಗೇರ್ ಆಯಿಲ್

ಗುಮಾಸ್ತನು ಮೋಡಗಳ ನಡುವೆ ಕಾರು ಓಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ಮೋಡ ಹರಿದು ಹಾಸಿಗೆ ಕಾಣಿಸಿತು. ಕಿವಿಯಲ್ಲಿ ಮಾವನವರ ದನಿ.

"ಅಳಿಯಂದ್ರೇ, ಸಂಜೆ ಬರ್ತೀನಿ. ಕಾರಿನ ಗೇರ್ ಆಯಿಲ್ ಸರಿಯಾಗಿ ನೋಡಿಡಿ. ಕಾರು ಯಾರಿಗೆ ಅನ್ನೋದು ಇವತ್ತೇ ತೀರ್ಮಾನ."

ಮಾವನವರು ಹೊಸ ಕಾರು ಕೊಂಡಿದ್ದರು. ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಕಾರು ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಸಲ್ಲಬೇಕಿತ್ತು. ಷಡ್ಡಕನ ಮನೆಯಲ್ಲಿ ಒಂದು ವಾರವಿದ್ದು, ಈಗ ಅದು ಗುಮಾಸ್ತನ ಬಾಗಿಲಲ್ಲಿ ನಿಂತಿತ್ತು. ಸ್ವಂತಕ್ಕೊಂದು ಸೈಕಲ್ಲೂ ಇಲ್ಲದ ಅವನು ರಾತ್ರಿ ಎದ್ದು ಕಿಟಕಿಯಿಂದ ಅದನ್ನು ನೋಡಿ ಮಲಗುತ್ತಿದ್ದ.

ಬಾನೆಟ್ಟು ತೆರೆದು ಅಳತೆಯ ಕಡ್ಡಿ ಎಳೆದ. ಎಣ್ಣೆ ಮುಳುಗುವ ಸೂರ್ಯನಂತೆ ಕೆಂಪಗಿತ್ತು. ಮೇಲಿನ ಗೆರೆಯನ್ನು ದಾಟಿತ್ತು.

"ಜಾಸ್ತಿ ಆಗೈತೆ ಸಾರ್!" ಎದುರುಮನೆಯ ದರ್ಜಿ ಹೊಲಿಗೆ ಬಿಟ್ಟು ಬಂದ. "ಬಟ್ಟೆ ಜಾಸ್ತಿಯಾದ್ರೆ ಕತ್ತರಿಸ್ತೀವಿ. ಎಣ್ಣೆ ಜಾಸ್ತಿಯಾದ್ರೆ ತೆಗೀಬೇಕು." ತೆಳುವಾದ ರಬ್ಬರ್ ನಳಿಕೆ ತಂದು, ಎಳೆದು, ತೆಗೆದೂಬಿಟ್ಟ.

ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಗೇಟಿನಿಂದಲೇ ಗದರಿದರು. "ಎಂಜಿನ್ ಆರಿಸಿಟ್ಟು ನೋಡ್ತಾರೇನಯ್ಯಾ? ಮಲಗಿರೋನ ನಾಡಿ ನೋಡಿ ಓಟದ ಪಂದ್ಯಕ್ಕೆ ಕಳಿಸ್ತೀಯಾ? ಸ್ಟಾರ್ಟ್ ಮಾಡು!"

ಎಂಜಿನ್ ಗುರುಗುಟ್ಟಿತು. ಈಗ ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಲಿಲ್ಲ. ಮೇಷ್ಟ್ರೇ ಮುಂದೆ ನಿಂತು ಎಣ್ಣೆಯ ಹೊಸ ಡಬ್ಬಿ ತರಿಸಿ, ಧಾರಾಳವಾಗಿ ಸುರಿಸಿದರು. ಅವರು ಊಟಕ್ಕೆ ಹೋದ ಕೂಡಲೇ ದರ್ಜಿ ಎಂಜಿನ್ ಆರಿಸಿ ಕಡ್ಡಿ ಎಳೆದ. "ಅಯ್ಯೋ, ತುಂಬಿ ತುಳುಕ್ತಾ ಐತೆ!" ಮತ್ತೆ ನಳಿಕೆ. ಊಟ ಮುಗಿಸಿ ಬಂದ ಮೇಷ್ಟ್ರು ಮತ್ತೆ ಎಂಜಿನ್ ಹಚ್ಚಿಸಿದರು. ಮತ್ತೆ ಡಬ್ಬಿ.

ಹತ್ತು ಜನ ಸೇರಿದರೆ ಹಾವು ಸಾಯದು ಎನ್ನುತ್ತಾರೆ. ಇಲ್ಲಿ ಇಬ್ಬರೇ ಸಾಕಾಗಿತ್ತು. ಕೂಡುವುದೂ ಕಳೆಯುವುದೂ ನಡೆದೇ ಇತ್ತು. ಶೇಷ ಮಾತ್ರ ದೊರಕುತ್ತಿರಲಿಲ್ಲ. ಬಿಸಿಲಿಗೆ ಮಂಪರು ಹತ್ತಿದ ಗುಮಾಸ್ತನಿಗೆ, ತನ್ನ ಆಯುಷ್ಯವನ್ನೇ ಯಾರೋ ಸುರಿದು ಯಾರೋ ಹೀರುತ್ತಿರುವಂತೆ ತೋರಿತು.

ಹೆಂಡತಿ ಬಟ್ಟೆ ಒಣಹಾಕಲು ಬಂದಳು. "ರೀ, ಅಪ್ಪ ಊರೆಲ್ಲ ಒಂದು ಸುತ್ತು ಹೊಡೆದು, ಗೇರೆಲ್ಲ ಒಂದ್ಸಲ ಹಾಕಿ, ಎಂಜಿನ್ ಆರಿಸ್ದೆ ನೋಡ್ತಿದ್ರು. ಬಿಸಿಯಾದ್ರೇನೇ ಸರಿಯಾದ ಅಳತೆ ಸಿಗೋದಂತೆ."

"ಬೆಳಿಗ್ಗೆನೇ ಹೇಳಬಾರದಿತ್ತೇನೇ?"

"ಗಂಡಸರು ಇಬ್ಬರಿದ್ರಲ್ಲ. ನನ್ನ ಯಾರು ಕೇಳಿದ್ರು?"

ಅವಳು ಮುಂದೆ ಕುಳಿತಳು. ದರ್ಜಿಯೂ ಮೇಷ್ಟ್ರೂ ಕರೆಯದೆಯೇ ಹಿಂದೆ ತುಂಬಿಕೊಂಡರು. ಕಾರು ಹೊರಟಿತು, ಹೊರಟದ್ದು ಯಾರಿಗೂ ತಿಳಿಯಲಿಲ್ಲ. ಮರದ ನೆರಳುಗಳು ಗಾಜಿನ ಮೇಲೆ ಮೀನುಗಳಂತೆ ಜಾರಿದವು. ಅಂಗಡಿಗಳೂ ಸೇತುವೆಯೂ ಯಾರೋ ಮೆಲ್ಲಗೆ ಹೇಳುತ್ತಿರುವ ಕತೆಯಂತೆ ಹಿಂದೆ ಸರಿದವು. ಹಿಂದಿನಿಂದ ಎರಡು ಗೊರಕೆಗಳು ಒಂದೇ ತಾಳದಲ್ಲಿ ಎದ್ದವು. ಹೆಂಡತಿ ಕಿಟಕಿಗೆ ತಲೆಯಾನಿಸಿ, "ಹೀಗೇ ಹೋಗ್ತಾ ಇರೋಣ ಅನ್ಸುತ್ತೆ ರೀ" ಎಂದಳು. ಕಾರು ತನ್ನದಾಗಿ ವರ್ಷಗಳೇ ಕಳೆದವೆಂದು ಗುಮಾಸ್ತನಿಗೆ ಅನಿಸಿತು.

ಮರಳಿ ಬಂದಾಗ ಮಾವನವರು ಗೇಟಿನಲ್ಲಿ ನಿಂತಿದ್ದರು.

ಗುಮಾಸ್ತನು ಎಂಜಿನ್ ಆರಿಸಲಿಲ್ಲ. ಬ್ರೇಕು ತುಳಿದು ಒಂದೊಂದೇ ಗೇರಿಗೆ ಹಾಕಿ ತೆಗೆದ; ಇಳಿದು ಕಡ್ಡಿ ಒರೆಸಿ, ಅದ್ದಿ, ಎತ್ತಿ ಹಿಡಿದ. ಎಣ್ಣೆ ಎರಡು ಗೆರೆಗಳ ನಡುವೆ ನಿಂತಿತ್ತು.

ಮಾವನವರ ಮೀಸೆ ಅರಳಿತು. "ಭೇಷ್! ನಿಮ್ಮ ಷಡ್ಡಕರಿಗೆ ಆಯಿಲ್ ನೋಡಿ ಅಂದ್ರೆ, ಬಾನೆಟ್ಟು ಎಲ್ಲಿದೆ ಅಂತ ನನ್ನನ್ನೇ ಕೇಳಿದ್ರು. ನನ್ನ ತೀರ್ಮಾನ ಆಯ್ತು."

ಗುಮಾಸ್ತನು ಒರೆಸಿದ ಕಡ್ಡಿಯನ್ನೇ ಇನ್ನೊಮ್ಮೆ ಒರೆಸಿದ.

"ಕಾರು ಅವರಿಗೆ."

"ಮಾವ?"

"ಲೆಕ್ಕ ಹಾಕಿ ನೋಡಿ. ನೀವು ಎಂಥಾ ಡಕೋಟ ಕೊಂಡ್ರೂ ಓಡಿಸ್ತೀರಿ. ಆ ಪಾಪದೋನಿಗೆ ಒಳ್ಳೇ ಗಾಡಿ ಇಲ್ದಿದ್ರೆ ಗತಿ ಏನು? ಈಜು ಬರೋನಿಗೆ ದೋಣಿ ಯಾಕೆ ಅಳಿಯಂದ್ರೇ?"

ಮೇಷ್ಟ್ರು ಆಕಾಶ ನೋಡಿದರು. ದರ್ಜಿಗೆ ಹೊಲಿಗೆಯ ನೆನಪಾಯಿತು.

"ಹೇಗೂ ಎಂಜಿನ್ ಬಿಸಿಯಾಗಿದೆ" ಎಂದು ಮಾವನವರು ಬೆನ್ನು ತಟ್ಟಿದರು. "ಈಗಲೇ ಅವರ ಮನೆಗೆ ಬಿಟ್ಟು ಬಂದ್ಬಿಡಿ. ಆಯಿಲ್ ನೋಡೋದು ಹೇಗೆ ಅಂತ ಅವರಿಗೂ ಕಲಿಸಿ. ವಾಪಸ್ ಬರೋಕೆ ಬಸ್ಸಿದೆ."