ಏಳನೇ ನಂಬರಿನ ಚೀಟಿ

ಘಟ್ಟದ ಕೆಳಗೆ ಹೋದವನು ಮೀನಿಲ್ಲದೆ ಊರಿಗೆ ಬಂದರೆ ಯಲ್ಲದಕೆರೆಯಲ್ಲಿ ಅವನಿಗೆ ಮರ್ಯಾದೆ ಇಲ್ಲ. ಜೀಪು ಡ್ರೈವರ್ ಸಣ್ಣತಿಮ್ಮಪ್ಪನ ಪಾಡಿಗೆಲ್ಲ ಅದೇ ಮೂಲ.

ಮೂರು ದಿನ ಅವನು ಸುಮಾ ಮೇಡಂ ಅವರನ್ನು ಕರಾವಳಿಯ ಕಾರ್ಖಾನೆಗಳ ಸಾಲಿನಲ್ಲಿ ಸುತ್ತಿಸಿದ್ದ. ಕಾರ್ಖಾನೆ ನೀರಿನಿಂದ ಸಮುದ್ರದ ಮೀನು, ಏಡಿಗಳಿಗೆ ಎಷ್ಟು ಅಪಾಯ ಎಂದು ಪರೀಕ್ಷೆ ಮಾಡುವುದು ಅವರ ಕೆಲಸ. ಒಂದು ಕೊಳವೆಯ ಬಾಯಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ ಮೀನುಗಳನ್ನು ಕಂಡ ಮೇಲೆ ಸಣ್ಣತಿಮ್ಮಪ್ಪ ಜೀಪಿನಿಂದ ಇಳಿಯಲೇ ಇಲ್ಲ. ಮೇಡಂ ಕೈಗೆ ರಬ್ಬರ್ ಗವಸು ಹಾಕಿಕೊಂಡು ಡಬ್ಬಿಗಳಿಗೆ ಅದೇನೇನೋ ತುಂಬಿ, ನಂಬರಿನ ಚೀಟಿ ಅಂಟಿಸಿ ಹಿಂದೆ ಇಡುವುದನ್ನು ಕನ್ನಡಿಯಲ್ಲೇ ನೋಡಿದ್ದ.

ವಾಪಸು ಬರುವಾಗ ಮೇಡಂ ಸಿರಿಗೆರೆಯಲ್ಲಿ ಓದುತ್ತಿದ್ದ ಮಗಳನ್ನು ನೋಡಲು ಅಲ್ಲೇ ಇಳಿದರು. ಊರಿಗೆ ಹೋಗಿ ಉಂಡು, ಸಂಜೆಗೆ ಹಿರಿಯೂರು ಬಸ್ ಸ್ಟ್ಯಾಂಡಿಗೆ ಬರಲು ಹೇಳಿದರು. ಹಿಂದಿನ ಸಾಮಾನು ಯಾರೂ ಮುಟ್ಟಕೂಡದು ಎಂದೂ ಹೇಳಿದರು.

ಸಣ್ಣತಿಮ್ಮಪ್ಪ ಮನೆಗೆ ಬಂದವನೇ ಚಾಪೆಗೆ ಬಿದ್ದ. ಎದ್ದಾಗ ಮುದ್ದೆ, ಮೀನುಸಾರು ಕಾದಿದ್ದವು. ಎರಡು ದಪ್ಪ ತುಂಡು ಇಳಿದ ಮೇಲೆ ಅನುಮಾನ ಬಂತು.

“ಮೀನೆಲ್ಲೀದವ್ವ?”

“ತಂದೋನು ನೀನು, ಕೇಳೋದು ನನ್ನ. ಜೀಪ್ನಾಗೆ ಐಸ್ ಡಬ್ಬಿಯಾಗೆ ಇರ್ಲಿಲ್ವೇನೋ?” ಎಂದಳು ತಾಯಿ ತಿಪ್ಪಕ್ಕ.

ಡಬ್ಬಿ ಅಲ್ಲೇ ಮೂಲೆಯಲ್ಲಿತ್ತು. ಮೇಲೆ ಚೀಟಿ: ಏಳು. ಸಣ್ಣತಿಮ್ಮಪ್ಪನ ಕೈಕಾಲು ಐಸಿನಲ್ಲಿಟ್ಟ ಮೀನಿನಂತೆ ತಣ್ಣಗಾದವು. ಬೇರೆ ಯಾರಾದರೂ ತಿಂದರೋ ಎಂದು ಕೇಳಲೂ ಹೆದರಿಕೆ. ತಿಪ್ಪಕ್ಕ ತಾನೇ ಹೇಳಿದಳು: ಅಕ್ಕಪಕ್ಕಕ್ಕೆ ಒಂದೊಂದು ಬಟ್ಟಲು ಸಾರು ಕೊಡದೆ ನಾವಿಬ್ಬರೇ ತಿಂದರೆ ದಕ್ಕುತ್ತದೆಯೆ?

ಅವನು ಓಡಿದ. ಆ ಕಡೆಯ ಮನೆಯ ಮೂರ್ತಪ್ಪ ಬೆರಳು ನೆಕ್ಕುತ್ತಿದ್ದ. ಈ ಕಡೆ, ಊರಿಗೆಲ್ಲ ನಾಟಿ ಔಷಧಿ ಕೊಡುವ ಕಾಟಯ್ಯಜ್ಜ ಬಟ್ಟಲು ತೊಳೆದೇ ಇಟ್ಟಿದ್ದ. ವಿಷದ ಮಾತು ಕಿವಿಗೆ ಬಿದ್ದಿದ್ದೇ ತಡ, ಅಲ್ಲಿಯವರೆಗೆ ನೆಟ್ಟಗಿದ್ದ ಹೊಟ್ಟೆಗಳೆಲ್ಲ ನುಲಿಯತೊಡಗಿದವು. ಮೂರ್ತಪ್ಪನಂತೂ ನರಳುತ್ತಲೇ, ತನಗೆ ಬಂದಿದ್ದು ಬರೀ ಬಾಲದ ತುಂಡು, ಆದರೂ ಸಾಯಬೇಕೇ ಎಂದು ನ್ಯಾಯ ಕೇಳಿದ.

ಜೀಪು ಹತ್ತಿ, ಆಸ್ಪತ್ರೆಗೆ ಹೋಗೋಣ ಎಂದ ಸಣ್ಣತಿಮ್ಮಪ್ಪ. ಕಾಟಯ್ಯಜ್ಜ ತಡೆದ.

“ಅಲ್ಲಿಗೆ ಮುಟ್ಟೋದ್ರೊಳಗೆ ರಕ್ತಕ್ಕೆ ಇಳೀತದೆ. ಮೊದ್ಲು ಉಪ್ಪುನೀರು ಕುಡ್ದು ಕಕ್ರಿ.”

ಇದ್ದ ಉಪ್ಪೆಲ್ಲ, ಅಕ್ಕಪಕ್ಕದಲ್ಲಿ ಕಡ ತಂದದ್ದೂ ಸೇರಿ, ತಿಪ್ಪಕ್ಕ ಮೀನು ತಿಕ್ಕಿ ತೊಳೆಯಲು ಸುರಿದಿದ್ದಳು. ಅಂಗಡಿಗೆ ಬೀಗ. ಆಗ ಸಣ್ಣತಿಮ್ಮಪ್ಪನಿಗೆ ಜೀಪಿನಲ್ಲಿದ್ದ ಬಿಳಿ ಕ್ಯಾನು ನೆನಪಾಯಿತು. ಸಮುದ್ರದ ನೀರೇ ಇರಬೇಕು ಎಂದುಕೊಂಡ, ತಳ ಕಾಣುವಷ್ಟು ತಿಳಿ. ಕೆರೆಯ ಕೆಂಪು ನೀರು ಸೋಸಿ ಬೆಳೆದವನಿಗೆ ತಿಳಿನೀರೆಂದರೆ ಒಳ್ಳೆಯ ನೀರೇ.

“ಉಪ್ಪಾಗೋದು ಅದೇ ಅಲ್ವೇನಪ್ಪ? ತಗಂಬಾ,” ಎಂದ ಅಜ್ಜ.

ತಪ್ಪು ತನ್ನದೆಂದು ಸಣ್ಣತಿಮ್ಮಪ್ಪನೇ ಮೊದಲು ಕುಡಿದ. ಎರಡು ಚೊಂಬು. ಅವನು ಕಕ್ಕಿದ ಸದ್ದಿಗೆ ನಾಯಿಗಳು ಬೀದಿ ಬಿಟ್ಟವು. ಅದನ್ನು ನೋಡಿ ಮೂರ್ತಪ್ಪ ನರಳುವುದನ್ನು ನಿಲ್ಲಿಸಿ ಎದ್ದು ಕುಂತ.

“ಇದನ್ನ ಕುಡಿಯೋಕಿಂತ ಆ ಮೀನೇ ವಾಸಿ ಬಿಡ್ರಿ.”

ಮಿಕ್ಕವರೂ ಹಿಂದೆ ಸರಿದರು. ಇನ್ನು ಮುಚ್ಚಿಟ್ಟರೆ ನಾಲ್ಕು ಜೀವ ಹೋಗುತ್ತವೆ ಎಂದು ಸಣ್ಣತಿಮ್ಮಪ್ಪ ಮೇಡಂಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡ. ಆ ಕಡೆ ಮೇಡಂ ನಕ್ಕುಬಿಟ್ಟರು.

“ಅದು ನಮ್ಮ ಮನೆಗೆ ಅಂತ ಮಾರ್ಕೆಟ್ಟಲ್ಲಿ ಕೊಂಡಿದ್ದ ಮೀನು. ಡಬ್ಬಿ ಮೇಲಿನ ಚೀಟಿ ಹಳೇದು. ತಿಂದ್ರೆ ತಿನ್ಲಿ ಬಿಡಿ.”

ಸಣ್ಣತಿಮ್ಮಪ್ಪನಿಗೆ ಹೋದ ಜೀವ ಬಂತು. ಸುದ್ದಿ ಕೇಳಿ ಕಾಟಯ್ಯಜ್ಜ ಇನ್ನೊಂದು ಬಟ್ಟಲು ಸಾರಿಗೆ ಕೈ ಚಾಚಿದ. ಮೇಡಂ ಇನ್ನೂ ಮಾತು ಮುಗಿಸಿರಲಿಲ್ಲ.

“ಆ ಬಿಳಿ ಕ್ಯಾನು ಮಾತ್ರ ಹುಷಾರು. ಕೊಳವೆ ಬಾಯಲ್ಲಿ ಹಿಡಿದ ನೀರು. ನೋಡೋಕೆ ತಿಳಿ, ಅದ್ರಲ್ಲಿ ಬಿಟ್ಟ ಮೀನು ಅರ್ಧ ಗಂಟೆ ಉಳೀಲಿಲ್ಲ.”

ಸಣ್ಣತಿಮ್ಮಪ್ಪ ಚೊಂಬು ನೋಡಿದ. ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಹೇಳಿದ:

“ಮೇಡಂ, ಅದ್ರಾಗೆ ಎರಡು ಚೊಂಬು ಕಮ್ಮಿ ಐತೆ.”

ಸಂಜೆ ಹಿರಿಯೂರಿನ ಆಸ್ಪತ್ರೆಯಲ್ಲಿ ಮೇಡಂ ಅವನ ಮಂಚದ ಪಕ್ಕ ಬಂದು ನಿಂತರು. ಕಕ್ಕಿದ್ದೇ ಒಳ್ಳೆಯದಾಯಿತು, ಜೀವಕ್ಕೇನೂ ಭಯವಿಲ್ಲ, ಮೂರು ದಿನ ಇಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಮೇಡಂ ಬಹಳ ಮರುಗಿದರು. ಆಮೇಲೆ, ಮೀನಿನ ಮೇಲೆ, ಏಡಿಯ ಮೇಲೆ ಪರೀಕ್ಷೆ ಮುಗಿದಿದೆ, ಮನುಷ್ಯನಿಗೆ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ ಎನ್ನುತ್ತ ಚೀಲದಿಂದ ಒಂದು ಸಣ್ಣ ಖಾಲಿ ಬಾಟಲಿ ತೆಗೆದು ಅವನ ಕೈಗಿಟ್ಟರು.

ಅದರ ಮೇಲೆ ಹೊಸ ಚೀಟಿ ಇತ್ತು: ಏಳು. ಮೇಡಂ ಕೈಗೆ ಗವಸು ಹಾಕಿಕೊಂಡೇ ಬಂದಿದ್ದರು.